ಎರಡನೆಯ ವಿಮಾನ

ವಾಯುಪಡೆಯಲ್ಲಿ ಅವನನ್ನು ಎಲ್ಲರೂ ನೆರಳು ಎಂದೇ ಕರೆಯುತ್ತಿದ್ದರು. ಯುದ್ಧವಿಮಾನಗಳು ಸಾಮಾನ್ಯವಾಗಿ ಜೋಡಿಯಾಗಿ ಹಾರುತ್ತವೆ. ದಾರಿ ತೋರಿಸುವುದು ಒಂದನೆಯದು. ಅದರ ರೆಕ್ಕೆಯ ಪಕ್ಕಕ್ಕೆ, ಒಂದಿಷ್ಟು ಹಿಂದೆ, ಅಂಟಿಕೊಂಡಂತೆ ಬರುವುದು ಎರಡನೆಯದು. ಅವನು ಎರಡನೆಯವನಾಗಿಯೇ ಹುಟ್ಟಿದ್ದನೇನೋ. ಮುಂದಿನ ವಿಮಾನ ಹೊರಳಿದರೆ ತಾನೂ ಹೊರಳುತ್ತಿದ್ದ, ಅದು ತಲೆಕೆಳಗಾದರೆ ತಾನೂ ತಲೆಕೆಳಗಾಗುತ್ತಿದ್ದ. ನೆಲದ ಮೇಲೆ ನಿಂತು ನೋಡುವವರಿಗೆ ಎರಡು ವಿಮಾನಗಳನ್ನು ಒಂದೇ ಕೈ ಎತ್ತಿ ಆಡಿಸುತ್ತಿರುವಂತೆ ಕಾಣುತ್ತಿತ್ತು.

ಮುಂದಿನ ವಿಮಾನ ಮಾವನದು. ಹೆಣ್ಣು ಕೊಡದೆಯೇ ಊರಿಗೆಲ್ಲ ಮಾವನಾದವನು ಅವನು. ಸ್ವತಃ ಮದುವೆಯನ್ನೇ ಆಗಿರಲಿಲ್ಲ. ಹೊಸದಾಗಿ ಸೇರಿದವರು ಮೊದಲ ದಿನ ಎದುರು ಬಂದು ನಿಂತಾಗ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನಿದ್ದೆ ಸರಿಯಾಗಿ ಬರುತ್ತಾ? ಹೊಟ್ಟೆ ತುಂಬ ತಿಂತೀಯಾ? ಮನೇಲಿ ಯಾರ್ಯಾರಿದಾರೆ?” ಎಂದು ಅಳಿಯನನ್ನು ಒಪ್ಪಲೋ ಬೇಡವೋ ಎಂಬಂತೆ ವಿಚಾರಿಸುತ್ತಿದ್ದ. ಒಮ್ಮೆ ತುಂಬಿದ ಸಭೆಯಲ್ಲಿ ಬೇಸ್‌ನ ಮುಖ್ಯಸ್ಥರೇ ಬಾಯಿತಪ್ಪಿ “ಅದನ್ನ ಮಾವ ಹೇಳಲಿ” ಎಂದುಬಿಟ್ಟರು. ಅವತ್ತಿನಿಂದ ಹೆಸರು ಖಾಯಮ್ಮಾಯಿತು.

ಮೋಡದೊಳಗೆ ಹೊಕ್ಕಾಗ ಎರಡನೆಯವನಿಗೆ ತನ್ನ ಮೀಟರುಗಳ ಕಡೆ ಕಣ್ಣು ಹಾಯಿಸಲೂ ಪುರುಸೊತ್ತಿರುವುದಿಲ್ಲ. ರೆಪ್ಪೆ ಮಿಟುಕಿಸುವಷ್ಟರಲ್ಲಿ ಮುಂದಿನ ವಿಮಾನ ಬೆಳ್ಳಗಿನ ಹೊಗೆಯಲ್ಲಿ ಕರಗಿಹೋಗಬಹುದು, ಇಲ್ಲವೆ ಮೈಮೇಲೆ ಬರಬಹುದು. ಎತ್ತರ, ವೇಗ, ದಿಕ್ಕು, ಎಲ್ಲವನ್ನೂ ಮುಂದಿನವನಿಗೆ ಒಪ್ಪಿಸಿ ಅವನ ರೆಕ್ಕೆಯ ತುದಿಯನ್ನು ಮಾತ್ರ ನೋಡುತ್ತ ಹೋಗಬೇಕು. ಮಾವ ಆಗ ರೇಡಿಯೊದಲ್ಲಿ ತಪ್ಪದೆ ಒಂದು ಮಾತು ಹೇಳುತ್ತಿದ್ದ: “ನಾನು ನೋಡ್ತೀನಿ, ನೀನು ನನ್ನ ನೋಡು.”

ನೆರಳು ಯಾವಾಗಲೂ ಮಾವನ ಬಲಕ್ಕೆ ಇರುತ್ತಿದ್ದ. ಹಾಗಾಗಿ ಅವನ ನೋಟವೆಲ್ಲ ಎಡಕ್ಕೆ. ಮೋಡದೊಳಗಿನ ಆ ನಿಮಿಷಗಳಲ್ಲಿ ಅವನ ಪಾಲಿಗೆ ಜಗತ್ತು ಅಂದರೆ ಮಾವನ ರೆಕ್ಕೆ, ಅದರ ತುದಿಯ ದೀಪ, ಬಣ್ಣ ಎದ್ದುಹೋದ ಅಂಗೈಯಗಲದ ತಗಡು. ಹೊರಗಿನವರು ಅದನ್ನು ಸಾವಿನ ಜೊತೆ ಸರಸ ಎನ್ನುತ್ತಿದ್ದರು. ಅಮ್ಮನ ಸೊಂಟ ಬಿಟ್ಟಿಳಿದ ಮೇಲೆ ಅಂಥ ನೆಮ್ಮದಿ ಅವನಿಗೆ ಇನ್ನೆಲ್ಲೂ ಸಿಕ್ಕಿರಲಿಲ್ಲ.

ಹೆಂಡತಿ ಬೇಸ್‌ನ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಪಾಠದ ನಡುವೆ ಕಿಟಕಿಯ ಗಾಜು ನಡುಗುವಂತೆ ಜೋಡಿ ವಿಮಾನ ಮೇಲೆ ಹೋದರೆ ಸೀಮೆಸುಣ್ಣವನ್ನು ಹಲಗೆಯ ಮೇಲೆ ಹಾಗೇ ಒತ್ತಿ ಹಿಡಿದು, ಸದ್ದು ಅಡಗಿದ ಮೇಲೆ ಮುಂದಿನ ಸಾಲು ಬರೆಯುತ್ತಿದ್ದಳು. ಗಂಡ ಮನೆಗೆ ಬಂದು ಕಣ್ಣರಳಿಸಿ ಅಂದಿನ ಹಾರಾಟದ ಕತೆ ಹೇಳತೊಡಗಿದರೆ, “ಸಾಕು ಸಾಕು, ಸವತಿ ಗುಣಗಾನ ಕೇಳೋಕೆ ನಾನೇ ಆಗ್ಬೇಕಾ?” ಎನ್ನುತ್ತಿದ್ದಳು. ಮಾವ ಊಟಕ್ಕೆ ಬಂದ ದಿನ ಇಬ್ಬರೂ ಎರಡು ಕೈಗಳನ್ನು ವಿಮಾನ ಮಾಡಿಕೊಂಡು ತಟ್ಟೆಗಳ ಮೇಲೆ ಹಾರಿಸುತ್ತಿದ್ದರು. “ನೀರಿನ ಲೋಟ ಬೀಳಿಸಿದವರು ಪಾತ್ರೆ ತೊಳೀಬೇಕು” ಎಂದು ಅವಳು ಕಾನೂನು ಮಾಡಿದ್ದಳು. ಹೆಚ್ಚು ಸಲ ತೊಳೆದವನು ಮಾವನೇ.

ಒಂದು ಬೆಳಗ್ಗೆ ಚಕ್ರಗಳು ನೆಲ ಬಿಟ್ಟ ಹೊತ್ತಿಗೆ ಹದ್ದೊಂದು ನೆರಳಿನ ವಿಮಾನದ ಎಂಜಿನ್ನಿನೊಳಗೆ ಹೋಯಿತು. ದಡ್ ಎಂಬ ಸದ್ದು. ಆಮೇಲೆ ಆ ಎಂಜಿನ್ನಿನಲ್ಲಿ ಅವನು ಎಂದೂ ಕೇಳಿರದ ಮೌನ. “ಹಾರು! ಈಗ್ಲೇ ಹಾರು!” ಎಂದು ಮಾವ ರೇಡಿಯೊದಲ್ಲಿ ಕಿರುಚಿದ. ಅವನು ಕಾಲ ನಡುವಿನ ಹಿಡಿಯನ್ನು ಎಳೆದ. ಸೀಟು ಅವನನ್ನು ಫಿರಂಗಿ ಗುಂಡಿನಂತೆ ಆಕಾಶಕ್ಕೆ ಚಿಮ್ಮಿಸಿತು. ವಿಮಾನ ಹೋಗಿ ಪಾಳು ಬಿದ್ದ ಕಲ್ಲುಕ್ವಾರಿಯೊಳಗೆ ಬಿತ್ತು. ಪ್ಯಾರಾಚೂಟಿನಲ್ಲಿ ಇಳಿದು ಪೊದೆಗಳ ನಡುವೆ ಅಂಗಾತ ಬಿದ್ದುಕೊಂಡಿದ್ದಾಗ, ಮಾವನ ವಿಮಾನ ತನ್ನ ಮೇಲೆಯೇ ಸುತ್ತು ಹಾಕುತ್ತಿರುವುದು ಅವನಿಗೆ ಕಾಣುತ್ತಿತ್ತು. ಆಂಬುಲೆನ್ಸ್ ಬರುವವರೆಗೂ ಮಾವ ಅಲ್ಲಿಂದ ಕದಲಲಿಲ್ಲ. ಇಂಧನ ತಳ ಕಂಡ ಮೇಲೆ ಬೈಸಿಕೊಂಡು ಇಳಿದ.

ಆ ಸೀಟು ಜೀವ ಉಳಿಸುತ್ತದೆ, ಬೆನ್ನುಮೂಳೆಯನ್ನು ಮಾತ್ರ ಕೇಳುವುದಿಲ್ಲ. ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಎದ್ದವನಿಗೆ ವೈದ್ಯರು ಮುಚ್ಚುಮರೆ ಇಲ್ಲದೆ ಹೇಳಿದರು: “ನಡೀತೀರಿ, ಓಡ್ತೀರಿ, ಮಕ್ಕಳನ್ನ ಹೆಗಲ ಮೇಲೂ ಕೂರಿಸ್ಕೋತೀರಿ. ವಿಮಾನ ಕೂಡ ಓಡಿಸಬಹುದು. ಆದ್ರೆ ಆ ಥರದ ಸೀಟಿರೋ ವಿಮಾನ ಮಾತ್ರ ಇನ್ನು ನಿಮಗಿಲ್ಲ.”

ಅಂದರೆ ಯುದ್ಧವಿಮಾನವಿಲ್ಲ. ಸರಕು ಸಾಗಿಸುವ ದೊಡ್ಡ ವಿಮಾನಗಳಿದ್ದವು. ಮಾವ ಅದಕ್ಕೇ ಪಟ್ಟು ಹಿಡಿದ. ವಿಮಾನದ ಶೆಡ್ಡಿನ ಹಿಂದಿನ ಬೆಂಚಿನಲ್ಲಿ ಇಬ್ಬರೂ ಕೂತಿದ್ದರು.

“ಸದ್ಯಕ್ಕೆ ಅದನ್ನ ಓಡಿಸ್ತಿರು. ಇಲ್ಲೇ ಕಣ್ಣೆದುರಿಗೆ ಇರ್ತೀಯ. ಮುಂದೆ ನೋಡೋಣ.”

“ಮುಂದೆ ಏನಿದೆ ಮಾವ? ದಿನಾ ಬೆಳಗ್ಗೆ ಇನ್ಯಾರೋ ನಿನ್ನ ಬಲಗಡೆ ಹೋಗೋದನ್ನ ಕೆಳಗೆ ನಿಂತು ನೋಡ್ಬೇಕು. ನನ್ನ ಕೈಲಾಗಲ್ಲ. ಪ್ಯಾಸೆಂಜರ್ ವಿಮಾನಕ್ಕೆ ಕರೀತಿದಾರೆ, ಹೋಗ್ತೀನಿ.”

“ಹೆಂಡ್ತಿ ಹೇಳಿದ್ಲಾ?”

“ಇಲ್ಲ. ಆಸ್ಪತ್ರೇಲಿ ನನ್ನ ಬೂಟು ಬಿಚ್ಚಿ ಕೊಟ್ರಲ್ಲ, ಅದನ್ನ ಎದೆಗವಚ್ಕೊಂಡು ಕೂತಿದ್ಲು. ಬಾಯಿ ಬಿಟ್ಟು ಏನೂ ಹೇಳ್ಲಿಲ್ಲ.”

ಮಾವ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ. “ಹಾಗಾದ್ರೆ ಹೋಗು. ಹೋಗಿ ಬಸ್ ಓಡಿಸು” ಎಂದ. ಬೀಳ್ಕೊಡುಗೆಯ ದಿನ ಎಲ್ಲರೂ ಬಂದಿದ್ದರು, ಅವನೊಬ್ಬನನ್ನು ಬಿಟ್ಟು.

ವಿಮಾನ ಸಂಸ್ಥೆಯ ತರಬೇತಿಯಲ್ಲಿ ಅವನಿಗೆ ಕಲಿಸಿದ್ದಕ್ಕಿಂತ ಮರೆಸಿದ್ದೇ ಹೆಚ್ಚು. ನೆಲದ ಮೇಲೇ ನಿಂತು ಅಲ್ಲಾಡುವ ನಕಲಿ ಕಾಕ್‌ಪಿಟ್ಟಿನಲ್ಲಿ ಅವನು ಹಳೆಯ ಅಭ್ಯಾಸದಿಂದ ಚಕ್ಕನೆ ತಿರುಗಿಸಿದಾಗಲೆಲ್ಲ ಹಿಂದೆ ಕೂತ ತರಬೇತುದಾರರು, “ಹದಿನಾಲ್ಕನೇ ಸಾಲಿನಲ್ಲಿ ಅಜ್ಜಿಯೊಬ್ರು ಕಾಫಿ ಕುಡೀತಿದಾರೆ ಕ್ಯಾಪ್ಟನ್” ಎನ್ನುತ್ತಿದ್ದರು. ಎರಡನೆಯ ವಾರ, “ಅಜ್ಜಿ ಮಡಿಲ ಮೇಲೆ ಚೆಲ್ತು” ಎಂದರು. ಕೊನೆಯ ಪರೀಕ್ಷೆ ಮುಗಿಸಿ ಇಳಿಯುವಾಗ, “ಅಜ್ಜಿ ನಿದ್ದೆ ಹೋಗಿದಾರೆ, ಎಬ್ಬಿಸ್ಬೇಡಿ. ಪಾಸು” ಎಂದು ಕೈ ಕುಲುಕಿದರು.

ಹೀಗೆ ಅವನು ಅಜ್ಜಿಯರನ್ನು ಎಬ್ಬಿಸದೆ ಹಾರುವ ಪೈಲಟ್ ಆದ. ಕೆಲಸ ಕೆಟ್ಟದ್ದೇನಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಗಾಲಿಯ ಪೆಟ್ಟಿಗೆ, ಒಂದೇ ವಾಸನೆಯ ಹೋಟೆಲು ಕೋಣೆಗಳು. ದಪ್ಪ ಪರದೆ ಎಳೆದರೆ ಹಗಲೂ ಇರುಳಾಗುವ ಆ ಕೋಣೆಗಳಲ್ಲಿ ಎದ್ದ ಕೂಡಲೇ ಇದು ಯಾವ ಊರು ಎಂದು ಯೋಚಿಸಬೇಕು. ಮಗಳು ಹುಟ್ಟಿದಳು. ಆ ಸಂತೋಷದಲ್ಲಿ ಮಾವನಿಗೆ ಫೋನ್ ಮಾಡಿದ. “ಒಳ್ಳೇದು. ತಾಯಿ ಮಗು ಆರಾಮಾಗಿದಾರಾ? ಒಳ್ಳೇದು” ಎಂದು ಮಾವ ಫೋನ್ ಇಟ್ಟ. ಮುಂದೆ ಇವನೂ ಮಾಡಲಿಲ್ಲ, ಅವನೂ ಮಾಡಲಿಲ್ಲ. ಮಾಡದ ಫೋನು ವರ್ಷ ಕಳೆದಂತೆ ಭಾರವಾಗುತ್ತ ಹೋಗುತ್ತದೆ.

ಕ್ಯಾಪ್ಟನ್ನಿನ ಸೀಟು ಎಡಗಡೆಗೆ. ಆಕಾಶಕ್ಕೇರಿ ಎಲ್ಲ ಸ್ತಿಮಿತಕ್ಕೆ ಬಂದ ಮೇಲೆ ಅವನ ಕತ್ತು ತಾನಾಗಿಯೇ ಎಡಗಡೆಯ ಕಿಟಕಿಗೆ ಹೊರಳುತ್ತಿತ್ತು. ಅಲ್ಲಿ ಏನೂ ಇರುತ್ತಿರಲಿಲ್ಲ. ಬಹಳ ಒಳ್ಳೆಯ ದಿನಗಳಲ್ಲಿ, ಮೋಡ ಕೆಳಗೆಲ್ಲ ಹತ್ತಿ ಹಾಸಿದಂತೆ ಬಿದ್ದುಕೊಂಡಿದ್ದು ಮೇಲೆ ನೀಲಿ ಒಂದೇ ಉಳಿದಿರುವಾಗ, ಆ ಏನೂ ಇಲ್ಲದ ಕಡೆಯಿಂದ ಅವನಿಗೆ ಕಣ್ಣು ಕೀಳಲಾಗುತ್ತಿರಲಿಲ್ಲ. ಇಷ್ಟು ಆಕಾಶ ಇಟ್ಟುಕೊಂಡು ಒಂದು ಹೊರಳು ಹೊರಳಲಾಗದೆ, ಗೆರೆ ಎಳೆದಂತೆ ಹೋಗಬೇಕು.

“ಏನಾದ್ರೂ ಕಾಣ್ತಾ ಸರ್?” ಎಂದು ಕೋ-ಪೈಲಟ್‌ಗಳು ಕೇಳಿದರೆ, “ಕತ್ತು ಹಿಡ್ಕೊಂಡಿದೆ” ಎನ್ನುತ್ತಿದ್ದ.

ಮನೆಯಲ್ಲಿ ಆ ನೆಪ ನಡೆಯುತ್ತಿರಲಿಲ್ಲ. ಅಪರೂಪಕ್ಕೆ ಯುದ್ಧವಿಮಾನವೊಂದು ಅವರ ಬೀದಿಯ ಮೇಲೆ ಹಾದುಹೋದರೆ ಚಮಚ ಬಾಯಿಗೆ ಹೋಗದೆ ಅರ್ಧದಲ್ಲೇ ನಿಲ್ಲುತ್ತಿತ್ತು. “ಹೋಗಿ ನೋಡ್ಕೊಂಡ್ ಬನ್ನಿ, ಅವಳು ಕರೀತಿದಾಳೆ” ಎನ್ನುತ್ತಿದ್ದಳು ಹೆಂಡತಿ. ಮೊದಮೊದಲು ನಗುತ್ತ ಹೇಳುತ್ತಿದ್ದಳು. ಬರಬರುತ್ತ ನಗದೆ, ಬಾಗಿಲನ್ನು ತಾನೇ ತೆಗೆದುಕೊಡುತ್ತಿದ್ದಳು.

ಮಗಳು ಪ್ರೌಢಶಾಲೆಗೆ ಬಂದ ವರ್ಷ ಆ ಘಟನೆ ನಡೆಯಿತು.

ಅಂದು ಜೊತೆಗಿದ್ದ ಕೋ-ಪೈಲಟ್ ಮನೆ ಕಟ್ಟಿಸುತ್ತಿದ್ದ. ಬಚ್ಚಲಿಗೆ ಬಿಳಿ ಟೈಲ್ಸ್ ಹಾಕಿಸಬೇಕೆಂದು ಹೆಂಡತಿ, ಕೊಳೆ ಕಾಣದ ಬೂದು ಬಣ್ಣ ಸಾಕೆಂದು ಇವನು. ಆ ವ್ಯಾಜ್ಯವನ್ನು ವಾರಗಟ್ಟಲೆ ಎಲ್ಲ ಕ್ಯಾಪ್ಟನ್ನುಗಳ ಮುಂದೆಯೂ ಇಟ್ಟು ತೀರ್ಪು ಕೇಳುತ್ತಿದ್ದ. ಬೆಳಗಿನ ವಿಮಾನ ತುಂಬಿತ್ತು. ಮೇಲೇರುತ್ತ ಕೋ-ಪೈಲಟ್ ಮತ್ತೆ ಟೈಲ್ಸಿನ ಮಾತೆತ್ತಿ, ನಡುವೆಯೇ ನಿಲ್ಲಿಸಿದ.

“ಸರ್, ನಿಮ್ಮ ವೇಗ ಎಷ್ಟು ತೋರಿಸ್ತಿದೆ?”

ವೇಗ ತೋರಿಸುವ ಮೂರು ಅಂಕಿಗಳು ಮೂರು ದಾರಿ ಹಿಡಿದಿದ್ದವು. ಒಂದರ ಪ್ರಕಾರ ವಿಮಾನ ಇನ್ನೇನು ಬೀಳುವಷ್ಟು ನಿಧಾನ. ಇನ್ನೊಂದರ ಪ್ರಕಾರ ಮೈ ಮುರಿಯುವಷ್ಟು ಜೋರು. ಮೂರನೆಯದು ಇದ್ದಲ್ಲೇ ಕಚ್ಚಿಕೊಂಡು ಕೂತಿತ್ತು. ಕಾಕ್‌ಪಿಟ್ಟಿನ ಗಂಟೆಗಳು ಒಂದರ ಮೇಲೊಂದು ಬಡಿದುಕೊಳ್ಳತೊಡಗಿದವು. ವಿಮಾನ ತಾನಾಗಿ ಹಾರುವ ವ್ಯವಸ್ಥೆ ಯಾವುದನ್ನು ನಂಬಬೇಕೆಂದು ತಿಳಿಯದೆ ಕೈಬಿಟ್ಟಿತು.

“ನಾನು ಹಿಡ್ಕೊಂಡಿದೀನಿ” ಎಂದ ಅವನು. ಮೂತಿಯನ್ನು ಇಷ್ಟೇ ಎತ್ತರಕ್ಕೆ, ಎಂಜಿನ್ನನ್ನು ಇಷ್ಟೇ ಶಕ್ತಿಗೆ ಇಟ್ಟರೆ ವಿಮಾನ ಸರಿಸುಮಾರು ಇಂಥ ವೇಗದಲ್ಲಿ ಇರಲೇಬೇಕು ಎಂಬ ಲೆಕ್ಕ ಇಬ್ಬರಿಗೂ ಗೊತ್ತಿತ್ತು. ಕೋ-ಪೈಲಟ್ ಅಂಕಿಗಳನ್ನು ಓದಿದ, ಅವನು ಹಾಗೇ ಇಟ್ಟ. ಹಾರುವುದಕ್ಕೆ ಅಷ್ಟು ಸಾಕು. ಇಳಿಯುವುದು ಕಷ್ಟ; ಇಳಿಯುವಾಗ ಸರಿಸುಮಾರು ಎಂಬುದಕ್ಕೆ ಜಾಗ ಕಡಿಮೆ. ನೆಲದಿಂದ ಸಂಚಾರ ನಿಯಂತ್ರಕಿ ಹೇಳಿದಳು: “ಹತ್ತಿರದಲ್ಲಿ ಉದ್ದದ ರನ್‌ವೇ ಅಂದ್ರೆ ವಾಯುಪಡೆಯ ಬೇಸ್. ಅವರು ಒಪ್ಪಿದಾರೆ. ಅಲ್ಲಿಯವರದೊಂದು ತರಬೇತಿ ಜೆಟ್ ಮೇಲೆ ಇದೆ, ನಿಮ್ಮ ಪಕ್ಕ ಬರ್ಲಾ ಅಂತ ಕೇಳ್ತಿದಾರೆ.”

ಯಾವ ಬೇಸ್ ಎಂದು ಅವನು ಕೇಳಬೇಕಾಗಿರಲಿಲ್ಲ. “ಬರಲಿ” ಎಂದ.

ಪ್ರಯಾಣಿಕರಿಗೆ ಚುಟುಕಾಗಿ ಹೇಳಿದ: ಒಂದು ಉಪಕರಣ ಕೆಟ್ಟಿದೆ, ಬೇರೆ ಕಡೆ ಇಳಿಯುತ್ತೇವೆ, ಪಕ್ಕದಲ್ಲಿ ಇನ್ನೊಂದು ವಿಮಾನ ಕಂಡರೆ ಹೆದರಬೇಡಿ, ಅದು ನಮ್ಮ ಜೊತೆಯದೇ. ಹೇಳಿ ಮುಗಿಸಿ ಕತ್ತು ಹೊರಳಿಸಿದರೆ, ಎಡಗಡೆಯ ಕಿಟಕಿಯಲ್ಲಿ ಅದು ಇತ್ತು.

ಬಿಸಿಲಿಗೆ ಹೊಳೆಯುವ ಸಣ್ಣ ಜೆಟ್. ಕೆಳಗಿನಿಂದ ಮೆಲ್ಲಗೆ ಎದ್ದುಬಂದು, ಅವನ ಮುಂದೆ ಎಡಕ್ಕೆ, ಸುರಕ್ಷಿತವಾದ ದೂರದಲ್ಲಿ ನಿಂತಿತು. ರೇಡಿಯೊದಲ್ಲಿ ಬಂದದ್ದು ಹೆಣ್ಣುಧ್ವನಿ, ಚಿಕ್ಕ ವಯಸ್ಸಿನದು. “ನಿಮ್ಮ ಎಡಗಡೆ ಇದೀನಿ ಸರ್. ಕಾಣ್ತಿದೀನಾ?”

“ಕಾಣ್ತಿದೀಯ” ಎಂದ. 

“ಈಗ ಇರೋ ವೇಗ ಸರಿಯಾಗಿದೆ. ನಾನು ನಿಧಾನ ಮಾಡಿದ ಹಾಗೆ ನೀವೂ ಮಾಡಿ. ನಾನು ನೋಡ್ತೀನಿ ಸರ್, ನೀವು ನನ್ನ ನೋಡಿ.”

ಅದು ಮಾವನ ಮಾತು. ಆದರೆ ಕೇಳಲು ಅದು ಹೊತ್ತಲ್ಲ. ಜೆಟ್ ಬಾಗಿತು, ಅವನೂ ಬಾಗಿದ. ಅದು ಮೋಡದ ರಾಶಿಯೊಂದನ್ನು ಬಳಸಿ ಇಳಿಯಿತು. ಅವನೂ ಬಳಸಿ ಇಳಿದ. ಅಷ್ಟು ದೊಡ್ಡ ವಿಮಾನ, ಅಷ್ಟು ಜನರನ್ನು ಹೊಟ್ಟೆಯಲ್ಲಿಟ್ಟುಕೊಂಡು, ಆ ಪುಟ್ಟ ಜೆಟ್ಟಿನ ಹಿಂದೆ ತಾಯಿಯ ಬೆರಳು ಹಿಡಿದ ಮಗುವಿನಂತೆ ಹೋಯಿತು. ಕೆಟ್ಟ ಮೀಟರುಗಳ ಕಡೆ ಅವನು ನೋಡಲೇ ಇಲ್ಲ. ರೆಕ್ಕೆಯ ತುದಿ, ಅಲ್ಲಿಯ ದೀಪ, ಅಷ್ಟೆ. ಅವನಿಗೆ ಸಂತೋಷವಾಗುತ್ತಿತ್ತು. ಹಿಂದೆ ಯಾರೋ ತಾಯಿ ಮಗುವನ್ನು ಅಪ್ಪಿಕೊಂಡಿರಬಹುದು, ಯಾರೋ ಕಣ್ಣುಮುಚ್ಚಿ ದೇವರನ್ನು ನೆನೆಯುತ್ತಿರಬಹುದು. ತನಗೆ ಇಂಥ ಹೊತ್ತಿನಲ್ಲಿ ಸಂತೋಷವಾಗುತ್ತಿದೆಯಲ್ಲ ಎಂದು ನಾಚಿಕೆಯೂ ಆಯಿತು. ನಾಚಿಕೆಯಿಂದ ಸಂತೋಷವೇನೂ ಕಡಿಮೆಯಾಗಲಿಲ್ಲ.

“ಚಕ್ರ ಇಳಿಸಿ ಸರ್.” ಇಳಿಸಿದರು. “ಮೂರೂ ಇಳಿದಿವೆ. ಸ್ವಲ್ಪ ಜೋರಾಗಿದೀರಿ. ಹಾಂ, ಈಗ ಸರಿ. ಹೀಗೇ ಬನ್ನಿ.” ಅಂದು ತನ್ನ ವಿಮಾನ ಬಿದ್ದಿದ್ದ ಕ್ವಾರಿ ಕೆಳಗೆ ಸರಿದುಹೋಯಿತು. ಮುಂದೆ ರನ್‌ವೇ, ಅವನ ಕಾಲಿಗೆ ಅಂಗಳದಷ್ಟು ಪರಿಚಯವಿದ್ದದ್ದು. ಕೊನೆಯ ಗಳಿಗೆಯವರೆಗೂ ಜೊತೆಗಿದ್ದ ಜೆಟ್, “ಇನ್ನು ನಿಮ್ಮದು ಸರ್” ಎಂಬ ಮಾತಿನೊಂದಿಗೆ ಚಂಗನೆ ಮೇಲೆದ್ದು ಎಡಕ್ಕೆ ಹೊರಳಿ ಹೋಯಿತು. ಅದರ ಹಿಂದೆ ಹೋಗಲು ಅವನ ಕೈ ತವಕಿಸಿತು. ತಡೆದು, ವಿಮಾನವನ್ನು ನೆಲಕ್ಕೆ ಇಳಿಸಿದ.

ಎಂಜಿನ್ನುಗಳು ನಿಂತ ಮೇಲೆ ಕೋ-ಪೈಲಟ್ ದೊಡ್ಡ ಉಸಿರು ಬಿಟ್ಟು, “ಬಿಳೀದೇ ಹಾಕಿಸ್ತೀನಿ ಸರ್” ಎಂದ. “ಅವಳು ಹೇಳಿದ ಹಾಗೇ ಆಗಲಿ.”

ವೇಗ ಅಳೆಯುವ ಕೊಳವೆಗಳಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿತ್ತೆಂದು ತಂತ್ರಜ್ಞರು ಆಮೇಲೆ ಹೇಳಿದರು. ಪ್ರಯಾಣಿಕರನ್ನು ಒಂದು ದೊಡ್ಡ ಶೆಡ್ಡಿನ ನೆರಳಿನಲ್ಲಿ ಕೂರಿಸಿ ನೀರು, ಚಹಾ ಕೊಟ್ಟಿದ್ದರು. ಒಬ್ಬೊಬ್ಬರೂ ಬಂದು ಅವನ ಕೈಹಿಡಿದು ಹೋದರು. ಅವನ ಕಣ್ಣು ಮಾತ್ರ ಆಚೀಚೆ ಅಲೆಯುತ್ತಿತ್ತು. ಹಳೆಯ ಸ್ಕ್ವಾಡ್ರನ್ ಬೇರೆಲ್ಲಿಗೋ ಹೋಗಿತ್ತು. ಇದು ಈಗ ತರಬೇತಿ ಶಾಲೆ. ತಮ್ಮ ಎರಡು ವಿಮಾನ ನಿಲ್ಲುತ್ತಿದ್ದ ಕಡೆ ನೀರಿನ ಟ್ಯಾಂಕರು ನಿಂತಿತ್ತು. ಕಾವಲಿನವನಿಂದ ಹಿಡಿದು ಅಧಿಕಾರಿಯವರೆಗೆ ಎಲ್ಲರೂ ಬಹಳ ಗೌರವದಿಂದ, ಗುರುತಿಲ್ಲದವನೊಡನೆ ಮಾತಾಡುವಂತೆ ಮಾತಾಡಿದರು.

ಜೆಟ್ಟಿನ ಪೈಲಟ್ ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಕುಳ್ಳಗೆ, ಚುರುಕಾಗಿದ್ದಳು, ಅವಳನ್ನು ಇಲ್ಲಿ ಅಳಿಲು ಎನ್ನುತ್ತಾರಂತೆ.

“ರೇಡಿಯೊದಲ್ಲಿ ಒಂದು ಮಾತು ಹೇಳಿದೆಯಲ್ಲಮ್ಮ, ನೀವು ನನ್ನ ನೋಡಿ ಅಂತ. ಅದನ್ನ ಯಾರು ಹೇಳ್ಕೊಟ್ರು?”

“ಅದಾ ಸರ್? ಮಾವ ಸರ್ ಅಂತ ಇದ್ರು. ನಮಗೆಲ್ಲ ಜೋಡಿ ಹಾರಾಟ ಕಲಿಸಿದ್ದು ಅವರೇ. ಎರಡು ವರ್ಷ ಆಯ್ತು ನಿವೃತ್ತಿ ಆಗಿ.” ಅವಳು ನಕ್ಕಳು. “ಬೈಗುಳಾನೂ ಅವರೇ ಕಲಿಸಿದ್ದು. ನಾವು ಒಂಚೂರು ಹಿಂದೆ ಬಿದ್ರೆ ಸಾಕು, ‘ನೆರಳು ಅಂತ ಒಬ್ಬ ಇದ್ದ ಕಣ್ರೇ, ಅವನು ಹಿಂದಿದಾನಾ ಅಂತ ನಾನು ಒಂದು ದಿನ ತಿರುಗಿ ನೋಡಿದವನಲ್ಲ’ ಅಂತ ಶುರು ಮಾಡೋರು. ನಮಗಂತೂ ಆ ನೆರಳನ್ನ ಕಂಡ್ರೇ ಆಗ್ತಿರ್ಲಿಲ್ಲ.”

ಅವನು ಮುಖವನ್ನು ಟ್ಯಾಂಕರಿನ ಕಡೆ ತಿರುಗಿಸಿಕೊಂಡ. ಅವಳ ನಗು ಮೆಲ್ಲಗೆ ಇಳಿಯಿತು. “ಸರ್... ನೀವೇನಾ?”

ಮನೆಗೆ ಫೋನ್ ಮಾಡಿದಾಗ ಹೆಂಡತಿಗೆ ಸುದ್ದಿ ಆಗಲೇ ಮುಟ್ಟಿತ್ತು.  ಅಳುವನ್ನು ನುಂಗಿದ ಧ್ವನಿಯಲ್ಲಿ, “ಏನ್ರೀ, ಸವತಿ ಮನೆಗೆ ಹೋಗಿದ್ರಂತೆ?” ಎಂದಳು.

“ಹೂಂ ಕಣೇ. ಬಾ ಅಂತ ಅವಳೇ ಕರೆಸ್ಕೊಂಡ್ಲು.”

“ಹೋಗ್ಲಿ ಬಿಡಿ. ಕ್ಷೇಮವಾಗಿ ಕಳಿಸಿದಾಳಲ್ಲ.” ಮೂಗು ಒರೆಸಿಕೊಂಡಳು. “ಮಾವ ಸಿಕ್ರಾ?”

ಸಿಗಲಿಲ್ಲ, ವಿಳಾಸ ಸಿಕ್ಕಿದೆ ಎಂದ. “ಹಾಗಾದ್ರೆ ಈ ಭಾನುವಾರ ಹೋಗಿ ಬನ್ನಿ” ಎಂದಳು. “ಇಷ್ಟು ವರ್ಷ ನಾನು ಹೇಳ್ಲಿಲ್ಲ, ತಪ್ಪಾಯ್ತು. ನಾನೇ ಕೆಲಸ ಬಿಡಿಸ್ದೆ ಅಂತ ಅವರಿಗೆ ನನ್ನ ಮೇಲೆ ಕೋಪ ಇರಬಹುದು, ಇದ್ರೆ ಇರಲಿ. ನೀವಂತೂ ಹೋಗಿ.”

ಮಾವ ವಾಸವಿದ್ದದ್ದು ಬಸ್ ಡಿಪೋ ಹಿಂದಿನ ಗಲ್ಲಿಯಲ್ಲಿ, ಅಕ್ಕನ ಮನೆಯಲ್ಲಿ. ಕೆಳಗೆ ಹೊಲಿಗೆ ಯಂತ್ರ ರಿಪೇರಿಯ ಅಂಗಡಿ, ಪಕ್ಕದಲ್ಲಿ ಕಡಿದಾದ ಮೆಟ್ಟಿಲು. ಬಾಗಿಲು ತೆಗೆದ ಅಕ್ಕ ನಿವೃತ್ತ ನರ್ಸು; ಇವನ ಬೆನ್ನು ಮುರಿದಾಗ ಆಸ್ಪತ್ರೆಗೆ ಬಂದು, ಹಾಸಿಗೆ ಹಾಸಿದ್ದು ಸರಿಯಿಲ್ಲವೆಂದು ಅಲ್ಲಿಯ ನರ್ಸುಗಳಿಗೆ ಪಾಠ ಹೇಳಿ ಹೋದವಳು. ಕನ್ನಡಕ ಸರಿಮಾಡಿಕೊಂಡು ನೋಡಿದಳು.

“ಬಂದ್ಯಾ? ಬಾ ಬಾ. ಬೆನ್ನು ಹೇಗಿದೆ? ನೆಟ್ಟಗೆ ನಿಲ್ಲು ನೋಡೋಣ. ಲೋ, ಯಾರು ಬಂದಿದಾರೆ ನೋಡೋ!”

ಮಾವ ಒಳಗಿನಿಂದ ಬನಿಯನ್ನಿನಲ್ಲೇ ಬಂದ. ತಲೆ ಪೂರಾ ಬೋಳಾಗಿತ್ತು, ಹೊಟ್ಟೆ ಬಂದಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತವನು ನಿಂತೇ ಇದ್ದ. 

“ಅಂಗಿ ಹಾಕ್ಕೊಂಡ್ ಬರ್ತೀನಿ” ಎಂದು ಮಾವ ಒಳಗೆ ಹೋದ. ಹೋದವನು ಬೇಗ ಬರಲಿಲ್ಲ.

“ಅಳ್ತಿರ್ತಾನೆ, ಬಿಡು” ಎಂದು ಅಕ್ಕ ಚಹಾ ತಂದಿಟ್ಟು ಎದುರು ಕೂತಳು. “ನೋಡಪ್ಪ, ಅವನು ಬಂದ್ರೆ ಹೇಳೋಕೆ ಬಿಡಲ್ಲ, ಈಗ್ಲೇ ಹೇಳಿಬಿಡ್ತೀನಿ. ಈ ಮನುಷ್ಯ ನಿನ್ನ ವಿಮಾನದಲ್ಲಿ ಎರಡು ಸಲ ಹೋಗಿ ಬಂದಿದಾನೆ.”

“ನನ್ನ ವಿಮಾನದಲ್ಲಾ?”

“ಮೊದಲ ಸಲ ಯಾವ್ದೋ ಮದುವೆಗೆ ಹೊರಟಿದ್ದ. ಮೈಕಿನಲ್ಲಿ ನಿನ್ನ ಧ್ವನಿ ಬಂತಂತೆ. ಮದುವೆ ಮನೇಲಿ ಊಟಾನೂ ಮಾಡ್ದೆ ಮಂಕು ಬಡಿದವನ ಹಾಗೆ ಕೂತಿದ್ನಂತೆ. ಎರಡನೇ ಸಲ ಯಾರನ್ನೋ ಹಿಡಿದು, ನೀನು ಯಾವತ್ತು ಎಲ್ಲಿಗೆ ಹೋಗ್ತೀಯ ಅಂತ ತಿಳ್ಕೊಂಡು ಟಿಕೆಟ್ ತಗೊಂಡ. ಆ ಊರಲ್ಲಿ ಇವನಿಗೆ ಏನು ಕೆಲಸ? ಏನೂ ಇಲ್ಲ. ಹೋದ, ಇಳಿದ, ಬಸ್ ಹತ್ತಿ ವಾಪಸ್ ಬಂದ. ಎರಡು ದಿನ ಸೊಂಟ ನೋವು ಅಂತ ಮಲಗಿದ್ದ.”

“ಅಕ್ಕಾ, ಸುಮ್ನಿರ್ತೀಯಾ?” ಮಾವ ಗುಂಡಿ ಹಾಕಿಕೊಳ್ಳುತ್ತ ಬಂದಿದ್ದ. ಗುಂಡಿಗಳು ಒಂದೊಂದು ಮನೆ ತಪ್ಪಿದ್ದವು.

“ಸುಮ್ನಿದ್ದಿದ್ದಕ್ಕೇ ಇಷ್ಟು ವರ್ಷ ಆಗಿದ್ದು” ಎಂದು ಅಕ್ಕ ಖಾಲಿ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಇಬ್ಬರೂ ಬಾಲ್ಕನಿಗೆ ಬಂದು ಕೂತರು. ಕೆಳಗೆ ಬಸ್ಸೊಂದು ಡಿಪೋ ಬಾಗಿಲಲ್ಲಿ ಹಿಂದಕ್ಕೂ ಮುಂದಕ್ಕೂ ಸರಿದಾಡುತ್ತಿತ್ತು.

“ವಿಮಾನದಲ್ಲಿ ಮುಂದೆ, ನನ್ನ ಹತ್ರ, ಯಾಕೆ ಬರ್ಲಿಲ್ಲ ಮಾವ?”

“ಬಾಗಿಲು ಹಾಕಿತ್ತಲ್ಲ.”

“ತಟ್ಟಬಹುದಿತ್ತು.”

“ಚೆನ್ನಾಗಿ ಹೇಳ್ದೆ. ಹಾರೋ ವಿಮಾನದಲ್ಲಿ ಕಾಕ್‌ಪಿಟ್ ಬಾಗಿಲು ಬಡಿದ್ರೆ ಇಳಿದ ಮೇಲೆ ಪೊಲೀಸ್ರು ಕರ್ಕೊಂಡ್ ಹೋಗ್ತಿದ್ರು.” ಮಾವ ನಗಲು ನೋಡಿದ. ಆಗಲಿಲ್ಲ. “ಇಳಿಯೋವಾಗ ನೀನು ಮುಂದಿನ ಬಾಗಿಲಲ್ಲಿ ನಿಂತು ಎಲ್ರಿಗೂ ನಮಸ್ಕಾರ ಹೇಳ್ತಿದ್ದೆ. ನೋಡಿದೆ. ಬಸ್ ಓಡಿಸು ಅಂದ ಬಾಯಲ್ಲಿ ಏನಂತ ಮಾತಾಡ್ಸೋದು? ಹಿಂದಿನ ಬಾಗಿಲಿಂದ ಇಳಿದು ಹೋದೆ.”

ಆಮೇಲೆ ಮಾವನೇ, “ಅಷ್ಟು ಮೆತ್ತಗೆ ಇಳಿಸ್ತೀಯಲ್ಲೋ. ನೆಲ ಮುಟ್ಟಿದ್ದೇ ಗೊತ್ತಾಗ್ಲಿಲ್ಲ. ನಮ್ಮಲ್ಲಿ ಇದ್ದಾಗ ದಡಾರ್ ಅಂತ ಇಳಿಸ್ತಿದ್ದೆ” ಎಂದ.

“ಹಿಂದೆ ಅಜ್ಜಿ ಇರ್ತಾರೆ ಮಾವ.”

“ಯಾವ ಅಜ್ಜಿ?”

ಅವನು ಅಜ್ಜಿಯ ಕತೆ ಹೇಳಿದ. ಈ ಸಲ ಮಾವನಿಗೆ ನಗು ಬಂತು. ಹೊಟ್ಟೆ ಕುಲುಕುವಂತೆ ನಕ್ಕು, ನಗುವಿನ ಕೊನೆಗೆ ಕಣ್ಣು ಒರೆಸಿಕೊಂಡ. ಅಳಿಲು ಫೋನ್ ಮಾಡಿ ಎಲ್ಲವನ್ನೂ ಹೇಳಿದ್ದಳಂತೆ. ಆದರೂ ಅವನ ಬಾಯಿಂದ ಮತ್ತೆ ಕೇಳಬೇಕಿತ್ತು. ಹೇಗೆ ಬಂದಳು, ಎಷ್ಟು ದೂರ ನಿಂತಳು, ಯಾವ ಕಡೆ ಬಾಗಿದಳು. ಅವನು ಎರಡು ಕೈ ಎತ್ತಿ ಆಡಿಸಿ ತೋರಿಸಿದ. ಮಾವ ನಡುವೆ ಕೈ ಹಾಕಿ ಅವನ ಎಡಗೈಯನ್ನು ಒಂದಿಷ್ಟು ಮುಂದಕ್ಕೆ ಸರಿಸಿ, “ಇಲ್ಲಿರ್ಬೇಕಿತ್ತು ಅವಳು. ಹೇಳ್ತೀನಿ ಅವಳಿಗೆ” ಎಂದ.

 ಡಿಪೋದ ಮೇಲಿನ ಆಕಾಶ ಖಾಲಿಯಾಗಿತ್ತು. ಇಬ್ಬರೂ ಅದನ್ನೇ ನೋಡುತ್ತಿದ್ದರು.

“ಕನಸಲ್ಲಿ ಹಾರ್ತೀಯಾ?” ಎಂದು ಕೇಳಿದ ಮಾವ.

“ಹಾರ್ತೀನಿ. ಎಡಗಡೆ ನೀನಿರ್ತೀಯ.”

“ನನ್ನ ಕನಸಲ್ಲಿ ನೀನು ಕಾಣೋದೇ ಇಲ್ಲ ಕಣೋ. ಎರಡನೆಯವನು ಮುಂದಿನವನಿಗೆ ಎಲ್ಲಿ ಕಾಣ್ತಾನೆ, ಹಿಂದಿರ್ತಾನಲ್ಲ. ಇದಾನೆ ಅಂತ ಗೊತ್ತಿರುತ್ತೆ, ಅಷ್ಟೆ.” ಮಾವ ಅಂಗಿಯ ತಪ್ಪಿದ ಗುಂಡಿಗಳನ್ನು ನೋಡಿಕೊಂಡು, ಒಂದೊಂದಾಗಿ ಬಿಚ್ಚಿ ಸರಿಯಾಗಿ ಹಾಕಿಕೊಳ್ಳತೊಡಗಿದ. “ನೀನು ಹೋದ್ಮೇಲೆ ಬಹಳ ದಿನ ತಿರುಗಿ ತಿರುಗಿ ನೋಡ್ತಿದ್ದೆ. ಇನ್ನೊಬ್ಬ ಇದ್ದ, ಒಳ್ಳೆಯವನೇ ಪಾಪ. ಆದ್ರೂ ನೋಡ್ತಿದ್ದೆ.”

ಹೊರಡುವಾಗ ಅಕ್ಕ ಬೆನ್ನಿಗೆ ಹಚ್ಚಿಕೊಳ್ಳಲು ಎಣ್ಣೆಯ ಬಾಟಲಿ ಕೊಟ್ಟಳು. ಮಾವ ಮೆಟ್ಟಿಲಿಳಿದು, ಗಲ್ಲಿ ದಾಟಿ, ಕಾರಿನ ತನಕ ಬಂದ. ಏನೋ ಹೇಳಲು ಬಗ್ಗಿದವನು, “ಟೈರಿನಲ್ಲಿ ಗಾಳಿ ಕಮ್ಮಿ ಇದೆ, ಹಾಕಿಸ್ಕೋ” ಎಂದಷ್ಟೇ ಹೇಳಿ, ಕಾರಿನ ಮೇಲೆ ಎರಡು ಸಲ ತಟ್ಟಿ ಹಿಂದಿರುಗಿದ.

ಮನೆಗೆ ಬಂದಾಗ ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅವನು ಎಲ್ಲವನ್ನೂ ಹೇಳಿದ. ಮಾವ ಎರಡು ಸಲ ಪ್ರಯಾಣ ಮಾಡಿದ್ದನ್ನು ಹೇಳುವಾಗ ಅವಳ ಕೈ ನಿಂತಿತು.

“ನನ್ನ ಮೇಲೆ ಕೋಪ ಇದೆಯಾ?”

“ನೀನು ಮಾಡಿದ್ದ ಪಾತ್ರೆ ತೊಳೆಯೋ ಕಾನೂನು ಈಗಲೂ ಇದೆಯಾ ಅಂತ ಕೇಳಿದ.”

“ಊಟಕ್ಕೆ ಕರೆದ್ರಾ?”

“ಕರೆದೆ. ನೋಡೋಣ ಅಂದ.”

“ಯಾವಾಗ ಅಂತ?”

“ಹೇಳ್ಲಿಲ್ಲ.”

“ಬಂದ್ರೆ ಉಳ್ಕೋತಾರಲ್ಲ” ಎಂದು ಅವಳು ಮಡಿಸಿದ ಬಟ್ಟೆಯನ್ನು ಬದಿಗಿಟ್ಟು ಎದ್ದಳು. ಮಗಳ ಪುಸ್ತಕಗಳಿಂದ ತುಂಬಿಹೋಗಿದ್ದ ಚಿಕ್ಕ ಕೋಣೆಗೆ ಹೋಗಿ, ಮಂಚದ ಮೇಲಿದ್ದುದನ್ನೆಲ್ಲ ತೆಗೆದು ನೆಲಕ್ಕಿಟ್ಟು, ಹಾಸಿಗೆಯ ಮೇಲೆ ಒಗೆದ ಹೊದಿಕೆಯನ್ನು ಹರಡಿದಳು. ಅವನು ಇನ್ನೊಂದು ಬದಿಯ ಅಂಚು ಹಿಡಿದು ಎಳೆದ.